ದುಬೈಯನ್ನು ಬೈಯುವ ಮೊದಲು ಬ್ಯಾಡಗಿ ನೋಡಿ

"ಹೊರಗಿಂದ ತರಿಸಿದ ಮಾಲನ್ನೇ ಮತ್ತೆ ಹೊರಗೆ ಮಾರೋದು ಅಂದ್ರೆ ಬರೀ ದಲಾಲಿ. ಅದರಲ್ಲಿ ದೇಶಕ್ಕೇನು ಲಾಭ?" ಹುಬ್ಬಳ್ಳಿಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ಹೇಳುವವರಲ್ಲಿ ಅರ್ಧ ಜನ ವ್ಯಾಪಾರಸ್ಥರೇ!

ದುಬೈ ಏನು ಬೆಳೆಯುತ್ತದೆ ಹೇಳಿ? 1979ರಲ್ಲಿ ಜೆಬೆಲ್ ಅಲಿ ಬಂದರು ಶುರುವಾಯಿತು, 1985ರಲ್ಲಿ ಪಕ್ಕದಲ್ಲೇ ಸುಂಕವಿಲ್ಲದ ವಲಯ ಬಂತು. ಯಾರದೋ ಮಾಲು ಬಂದು ಗೋದಾಮಿನಲ್ಲಿ ಕೂರುತ್ತದೆ, ಸಣ್ಣ ಲಾಟ್‌ಗಳಾಗಿ ಆಫ್ರಿಕಾಕ್ಕೋ ಇನ್ನೆಲ್ಲಿಗೋ ಹೋಗುತ್ತದೆ. ಸಿಂಗಾಪುರ ದೊಡ್ಡದಾಗಿದ್ದೂ ಹೀಗೇ.

ನಮ್ಮ ಬ್ಯಾಡಗಿ ಮಾಡುವುದು ಬೇರೇನು? ಅಲ್ಲಿ ಮಾರಾಟವಾಗುವ ಮೆಣಸಿನಕಾಯಿ ಎಲ್ಲ ಹಾವೇರಿ, ಗದಗ, ಧಾರವಾಡದ್ದಲ್ಲ. ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿಗಟ್ಟಲೆ ಬರುತ್ತದೆ. ಯಾಕಂದ್ರೆ ಕೊಳ್ಳುವವರು ಅಲ್ಲಿದ್ದಾರೆ. ಕೋಲ್ಡ್ ಸ್ಟೋರೇಜ್ ಇದೆ. ಬಣ್ಣ ನೋಡಿಯೇ ದರ ಕಟ್ಟುವವರಿದ್ದಾರೆ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ಇದೆಲ್ಲ ಕೆಲಸವೇ, ಸುಮ್ನೆ ದಲಾಲಿ ಅಲ್ಲ.

ಕಾನೂನಿಗೂ ಇದು ತಪ್ಪಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 74ನೇ ಕಲಂ ಪ್ರಕಾರ, ತರಿಸಿದ ಮಾಲನ್ನು ಬಳಸದೆ, ಸುಂಕ ಕಟ್ಟಿದ ಎರಡು ವರ್ಷದೊಳಗೆ ಮತ್ತೆ ಹೊರದೇಶಕ್ಕೆ ಕಳಿಸಿದರೆ ಕಟ್ಟಿದ ಸುಂಕದ 98% ವಾಪಸ್ ಸಿಗುತ್ತದೆ. ಆದರೆ ಅವತ್ತು ಬಂದದ್ದು ಇದೇ ಮಾಲು ಅಂತ ಗುರುತು ತೋರಿಸಬೇಕು.

ನನ್ನ ತಕರಾರು ಇರುವುದು ಆ ಗುರುತಿನ ವಿಷಯದಲ್ಲೇ. ಮಾಲು ಹತ್ತು ಊರು ಸುತ್ತಲಿ, ಅದರ ಊರು ಬದಲಾಗಬಾರದು. ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾ ಹೆಸರಲ್ಲಿ ಕಡಿಮೆ ಸುಂಕಕ್ಕೆ ಒಳಗೆ ಬರುತ್ತಿದೆ ಅಂತ ನಮ್ಮ ಬೆಳೆಗಾರರು ಗಲಾಟೆ ಮಾಡಿದ್ದು ನೆನಪಿದೆಯಲ್ವಾ? 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ಇಡಬೇಕಾಯಿತು, ಅಂದ್ರೆ ಅದಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ ಅಂತ. ವ್ಯಾಪಾರ ತಪ್ಪಲ್ಲ, ಎಲ್ಲಿ ಬೆಳೆದದ್ದು ಅನ್ನುವ ಸುಳ್ಳು ಸರ್ಟಿಫಿಕೇಟ್ ತಪ್ಪು.

ನಾವೇನು ಕಮ್ಮಿ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಇಂಥ ಪ್ರದೇಶದ್ದೇ ಮಾಲು ಅನ್ನುವ ಕಾನೂನಿನ ಗುರುತು, ಸಿಕ್ಕಿದೆ. ಆದರೂ ಎಲ್ಲಿಂದಲೋ ಬಂದ ಕಾಯಿ ಅದೇ ಹೆಸರಲ್ಲಿ ಮಸಾಲೆ ಅಂಗಡಿ ಸೇರಿದರೆ ಕೇಳುವವರಿಲ್ಲ. ಕುಂದಗೋಳದ ರೈತ ಮಳೆ ನಂಬಿ ಬೆಳೆದದ್ದಕ್ಕೂ, ನೀರಾವರಿಯಲ್ಲಿ ಎಕರೆಗೆ ಜಾಸ್ತಿ ಇಳುವರಿ ತೆಗೆದದ್ದಕ್ಕೂ ಒಂದೇ ಹೆಸರು ಬಿದ್ದರೆ ದರದಲ್ಲಿ ಸೋಲುವವನು ಯಾರು?

ಹೊರಗಿನ ಕಾಯಿ ಬರಬೇಡ ಅನ್ನುವವನು ನಾನಲ್ಲ. ಅದು ನಿಂತರೆ ಮಾರುಕಟ್ಟೆಯೇ ಸೊರಗುತ್ತದೆ, ಹಮಾಲರಿಗೆ ಕೆಲಸ ಇರುವುದಿಲ್ಲ. ಬರಲಿ, ಮಾರಲಿ, ಬೇಕಿದ್ದರೆ ದುಬೈಗೂ ಹೋಗಲಿ. ಚೀಲದ ಚೀಟಿಯಲ್ಲಿ ಬೆಳೆದ ಜಿಲ್ಲೆಗೆ ಒಂದು ಸಾಲು ಇಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ. ಅದಕ್ಕೆ ಎಷ್ಟು ಖರ್ಚು ಬರುತ್ತದೆ, ಅಡತಿ ಅಂಗಡಿಯವರು ಯಾರಾದರೂ ಹೇಳಿ.