ಪಕ್ಕದ ಕೋಣೆಯ ಟಿಕ್ ಟಿಕ್

ಹೊಸ ಸೆಮಿಸ್ಟರಿನ ಮೊದಲ ವಾರ ಸಂಗೀತ ವಿಭಾಗದಲ್ಲಿ ಎಲ್ಲರೂ ಸಾಧಕರೇ. ಎಲ್ಲರೂ ಬೇಗ ಏಳುತ್ತಾರೆ. ಎಲ್ಲರ ಕೈಯಲ್ಲೂ ಚೂಪಾಗಿ ಕೆತ್ತಿದ ಪೆನ್ಸಿಲ್ ಇರುತ್ತದೆ. ರಜೆಯುದ್ದಕ್ಕೂ ವಾದ್ಯದ ಪೆಟ್ಟಿಗೆ ತೆರೆಯದವರೂ ಆ ವಾರ ಸ್ಕೇಲ್, ಅಂದರೆ ಸ್ವರಗಳ ಆರೋಹಣ ಅವರೋಹಣ, ನುಡಿಸುತ್ತಾರೆ. ಅದೂ ನಿಧಾನವಾಗಿ, ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಯಂತ್ರ ಇಟ್ಟುಕೊಂಡು. ಹೀಗಾಗಿ ಅಭ್ಯಾಸಕ್ಕೆ ಕೋಣೆ ಸಿಗುವುದೇ ಕಷ್ಟ. ಸಿಕ್ಕರೆ ಗೋಡೆಯಾಚೆ ಯಾರೋ ನಿಮಿಷಕ್ಕೆ 60ರಂತೆ ಟಿಕ್ ಟಿಕ್ ಅನ್ನಿಸುತ್ತಾ ಕೂತಿರುತ್ತಾರೆ.

ನನ್ನದು ಪಿಟೀಲು. ರಜೆಯಲ್ಲಿ ಬಿರಡೆಗಳು ಸಡಿಲವಾಗಿ ತಂತಿಗಳು ಇಳಿದಿರುತ್ತವೆ. ಒಂದು ತಂತಿ ಸರಿಮಾಡಿದರೆ ಇನ್ನೊಂದು ಜಾರುತ್ತದೆ. ಅದೆಲ್ಲ ಮುಗಿಸಿ, ನನ್ನ ಫೋನಿನಲ್ಲಿ 72 ಇಟ್ಟು ಬಿಲ್ಲು ಎತ್ತಿದರೆ, ಆ ಕಡೆಯ 60 ಒಳಗೆ ಬರುತ್ತದೆ. 60 ಮತ್ತು 72 ಐದು ಸೆಕೆಂಡಿಗೊಮ್ಮೆ ಸರಿಯಾಗಿ ಕೂಡುತ್ತವೆ. ಮಿಕ್ಕ ಹೊತ್ತೆಲ್ಲ ಜಗಳ. ಕೂಡುವ ಆ ಒಂದು ಕ್ಷಣಕ್ಕೆ ಕಿವಿ ಕಾಯತೊಡಗುತ್ತದೆ. ಸ್ಕೇಲ್ ಎಲ್ಲಿಗೆ ಹೋಯಿತು ಅಂತ ಆಮೇಲೆ ಹುಡುಕಬೇಕು.

ಪಕ್ಕದವರು ಶಿಸ್ತಿನವರಾದರೆ ಇನ್ನೂ ಕಷ್ಟ. ಒಂದು ಸಲ ತಪ್ಪಿಲ್ಲದೆ ಬಂದರೆ ಒಂದು ಮೆಟ್ಟಿಲು ಏರಿಸುತ್ತಾರೆ. ಹಳೆಯ ಮೆಟ್ರೊನೋಮಿನ ಪಟ್ಟಿಯಲ್ಲಿ ಇರುವ ಹಾಗೆ 60 ಆದಮೇಲೆ 63, 66, 69. ಕೊನೆಗೆ 72. ಅಬ್ಬಾ, ಬಂದರಲ್ಲ ದಾರಿಗೆ ಅಂದುಕೊಳ್ಳುತ್ತೇವೆ. ಆದರೆ ಅವರ ಟಿಕ್ ಬೀಳುವುದು ನನ್ನ ಎರಡು ಟಿಕ್‌ಗಳ ಸರಿಯಾಗಿ ನಡುವೆ. ಈಗ ಐದು ಸೆಕೆಂಡಿಗೊಮ್ಮೆ ಸಿಗುತ್ತಿದ್ದ ಸಮಾಧಾನವೂ ಇಲ್ಲ.

ಈ ಯಂತ್ರದ ಮೇಲೆ ನನಗಿರುವ ಸಿಟ್ಟಿಗೆ ಹಳೆಯ ಕಾರಣವೂ ಒಂದಿದೆ. ಸ್ವರಪುಟದ ತುದಿಯಲ್ಲಿ ಅಂಕಿಯ ಪಕ್ಕ ‘ಎಂ.ಎಂ.’ ಅಂತ ಇರುತ್ತದಲ್ಲ, ಅದು ‘ಮೆಲ್ಟ್ಸೆಲನ ಮೆಟ್ರೊನೋಮ್’. ಆದರೆ ಅದರ ಒಳಗಿನ ಯುಕ್ತಿ ಯೋಹಾನ್ ಮೆಲ್ಟ್ಸೆಲನದಲ್ಲ. 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಂಕೆಲ್ ಎಂಬಾತ, ಎರಡು ತುದಿಗೂ ಭಾರ ಕಟ್ಟಿದರೆ ಚಿಕ್ಕ ಲೋಲಕವೂ ನಿಧಾನವಾಗಿ ತೂಗುತ್ತದೆ ಎಂದು ಕಂಡುಕೊಂಡ. ಮೆಲ್ಟ್ಸೆಲ್ ಅದನ್ನು ನೋಡಿದ, ಕೊಳ್ಳಲು ಕೇಳಿದ. ವಿಂಕೆಲ್ ಕೊಡಲಿಲ್ಲ. ಮೆಲ್ಟ್ಸೆಲ್ ಸುಮ್ನೆ ಹೋಗಿ ಅದಕ್ಕೊಂದು ಅಂಕಿಪಟ್ಟಿ ಅಂಟಿಸಿ 1815ರಲ್ಲಿ ತನ್ನ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡ. ಆಮೇಲೆ ಪಂಡಿತರು ವಿಂಕೆಲನ ಪರವಾಗಿಯೇ ತೀರ್ಪು ಕೊಟ್ಟರು. ಏನು ಬಂತು? ಪುಟದ ಮೇಲೆ ಉಳಿದದ್ದು ಯಾರ ಹೆಸರು?

ಮೆಲ್ಟ್ಸೆಲ್ ಸಾಮಾನ್ಯನಲ್ಲ. ಬೀಥೋವನ್‌ನ ಕಿವಿ ಮಂದವಾದಾಗ ಕಿವಿಗೆ ಹಿಡಿಯುವ ತುತ್ತೂರಿಗಳನ್ನು ಮಾಡಿಕೊಟ್ಟವನು ಇವನೇ. ಆಮೇಲೆ ಒಂದು ಯುದ್ಧದ ಕೃತಿ ಯಾರದು ಅಂತ ಇಬ್ಬರೂ ಕೋರ್ಟಿನವರೆಗೆ ಕಿತ್ತಾಡಿದರು. ಮತ್ತೆ ರಾಜಿಯಾದರು. 1817ರಲ್ಲಿ ಬೀಥೋವನ್ ಆವರೆಗಿನ ತನ್ನ ಎಂಟೂ ಸಿಂಫನಿಗಳಿಗೆ ಮೆಟ್ರೊನೋಮ್ ಅಂಕಿ ಪ್ರಕಟಿಸಿದ. ಹ್ಯಾಮರ್‌ಕ್ಲಾವಿಯರ್ ಎಂಬ ಪಿಯಾನೊ ಸೊನಾಟಾದ ಆರಂಭಕ್ಕೆ 138 ಅಂತ ಹಾಕಿದ. ಅದನ್ನು ನೋಡಿ ಇವತ್ತಿಗೂ ಪಿಯಾನೊದವರು ತಲೆ ಕೆರೆದುಕೊಳ್ಳುತ್ತಾರೆ. ಯಂತ್ರವೇ ಕೆಟ್ಟಿತ್ತೋ, ಅವನೇ ಅಂಕಿ ತಪ್ಪಾಗಿ ಓದಿದನೋ, ನಿಜಕ್ಕೂ ಅಷ್ಟು ವೇಗವೇ ಬೇಕಿತ್ತೋ ಎಂದು ಪ್ರಬಂಧದ ಮೇಲೆ ಪ್ರಬಂಧ. ನಮ್ಮಿಂದಲೂ ಬರೆಸುತ್ತಾರೆ, ಸೆಮಿಸ್ಟರ್ ಮುಗಿಯುವುದರೊಳಗೆ.

ಇನ್ನೂ ಇದೆ. ಚದುರಂಗ ಆಡುವ ಗೊಂಬೆಯೊಂದಿತ್ತು. 1770ರಲ್ಲಿ ವಿಯೆನ್ನಾದ ಆಸ್ಥಾನದಲ್ಲಿ ಕೆಂಪೆಲೆನ್ ಎಂಬಾತ ಅದನ್ನು ಮೊದಲು ತೋರಿಸಿದ್ದ. ತಲೆಗೆ ರುಮಾಲು ಸುತ್ತಿ ಪೆಟ್ಟಿಗೆಯ ಹಿಂದೆ ಕೂತ ಗೊಂಬೆ ದೊಡ್ಡ ದೊಡ್ಡವರನ್ನು ಸೋಲಿಸುತ್ತಿತ್ತು. ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಮುದುರಿ ಕೂತಿರುತ್ತಿದ್ದ, ಅಷ್ಟೆ. ಅದನ್ನೂ ಮೆಲ್ಟ್ಸೆಲ್ ಕೊಂಡ, ಅಮೆರಿಕಕ್ಕೆ ಸಾಗಿಸಿ ಊರೂರು ಸುತ್ತಿಸಿದ. 1838ರಲ್ಲಿ ಹಡಗಿನ ಮೇಲೆ ಸತ್ತ. ಮನುಷ್ಯನನ್ನು ಯಂತ್ರ ಅಂತ ತೋರಿಸಿ ದುಡ್ಡು ಮಾಡಿದವನ ಹೆಸರಿನ ಯಂತ್ರದ ಮುಂದೆ ನಿಂತು, ‘ಇನ್ನೂ ಸಮವಾಗಿ ಬರಬೇಕು’ ಅಂತ ಬೈಸಿಕೊಳ್ಳುವುದು ಯಾರು? ನಾನು. ಕುಯ್ಯುವುದು ಜಾಸ್ತಿ ಆಯಿತು ಅನಿಸಿದರೆ ಕ್ಷಮಿಸಿ, ಪಿಟೀಲಿನವಳಲ್ವಾ.

ಹೇಳಹೊರಟಿದ್ದು ಬೇರೆ. ಈ ಸಲ ಸೇರಿದ ಹುಡುಗಿಯೊಬ್ಬಳು, ‘ಅಕ್ಕಾ, ಮೊದಲ ವಾರ ಹೇಗೆ ಶುರುಮಾಡಬೇಕು?’ ಅಂತ ಕೇಳಿದ್ದಳು. ಬರೆದು ಕೊಡುತ್ತೇನೆ ಅಂದಿದ್ದೆ. ಕೆಲವು ವಿಷಯ ಗೊತ್ತಿದೆ. ತುತ್ತೂರಿಯವರ ಪಕ್ಕದ ಕೋಣೆ ಹಿಡಿಯಬೇಡ. ಕೋಣೆಯ ಪಿಯಾನೊ ನೋಡಿ ಶ್ರುತಿ ಮಾಡಬೇಡ, ಅದೇ ಇಳಿದಿರುತ್ತದೆ. ಆರ್ಕೆಸ್ಟ್ರಾದ ಪಟ್ಟಿಯಲ್ಲಿ ನಿನ್ನ ಹೆಸರು ಹಿಂದಿನ ಸಾಲಿನಲ್ಲಿದ್ದರೆ ಅಳಬೇಡ, ಅಲ್ಲಿ ಕೂತವರು ಕಂಡಕ್ಟರನ ಕಣ್ಣಿಗೆ ಬೀಳುವುದು ಕಡಿಮೆ. ಕೋಣೆಗೆ ಬ್ಯಾಗ್ ಎಸೆದು ಕ್ಯಾಂಟೀನಿಗೆ ಹೋಗುವವರಿರುತ್ತಾರೆ. ಆ ಬ್ಯಾಗನ್ನು ಹೊರಗಿಡುವುದಕ್ಕೆ ಸಂಕೋಚ ಬೇಡವೇ ಬೇಡ. ನಾನಂತೂ ಇಟ್ಟಿದ್ದೇನೆ, ಇನ್ನು ಮುಂದೆಯೂ ಇಡುತ್ತೇನೆ.

ಲಯದ ಬಗ್ಗೆ ಒಂದು ಮಾತು ಇತ್ತು. ಮುಖ್ಯವಾದದ್ದೇ ಅದು. ಅಂಕಿಗೂ ನಾವು ಒಳಗೆ ಇಟ್ಟುಕೊಳ್ಳುವ ನಡೆಗೂ ಏನು ವ್ಯತ್ಯಾಸ ಎನ್ನುವುದು. ಅದನ್ನು ಬರೆಯೋಣ ಅಂತ ಕೂತಾಗ ನನ್ನ ಕೋಣೆಯ ಅವಧಿ ಮುಗಿಯಿತು ಅಂತ ಯಾರೋ ಬಾಗಿಲು ತಟ್ಟಿದರು. ಗಡಿಯಾರ ನೋಡಿದೆ. ಇನ್ನೂ ಎರಡು ನಿಮಿಷ ಇತ್ತು. ತೆಗೆಯಲಿಲ್ಲ.