ಏನೂ ಆಗಲ್ವಂತೆ!

ನಿನ್ನೆ ರಾತ್ರಿ ಗೆಳೆಯನೊಬ್ಬನನ್ನು ಮನೆಗೆ ಕರೆದು ಸ್ಪೇನಿನ ನಿರ್ದೇಶಕಿ ಕಾರ್ಲಾ ಸಿಮೋನ್ ಅವರ ಸಿನಿಮಾ 'ಅಲ್ಕರ್ರಾಸ್' ಹಾಕಿದೆ. ತಪ್ಪು ನನ್ನದೇ. 40ನೇ ನಿಮಿಷಕ್ಕೆ ಎದ್ದು ಚಪ್ಪಲಿ ಹುಡುಕಿದ. "ಏನೂ ಆಗ್ತಾನೇ ಇಲ್ವಲ್ಲೋ!" ನಾನು ಹುರಿದಿಟ್ಟ ಶೇಂಗಾ ಮಾತ್ರ ಪೂರ್ತಿ ಮುಗಿಸಿದ್ದ.

ಏನೂ ಆಗಲ್ವಾ? ಸ್ಪೇನಿನ ಕ್ಯಾಟಲೋನಿಯಾದಲ್ಲಿ ಒಂದು ಪೀಚ್ ತೋಟ, ಅದನ್ನು ನಂಬಿಕೊಂಡ ಒಂದು ಕುಟುಂಬ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಜಮೀನುದಾರನ ಮನೆಯವರನ್ನು ಈ ಕುಟುಂಬ ಬಚ್ಚಿಟ್ಟು ಕಾಪಾಡಿತ್ತು. ಆ ಋಣಕ್ಕೆ ಅವರು ಜಮೀನು ಕೊಟ್ಟರು, ಬರೀ ಬಾಯಿಮಾತಲ್ಲಿ. ಈಗ ಆ ಜಮೀನುದಾರನ ಮೊಮ್ಮಗ ಬಂದು, ಮರ ಕಿತ್ತು ಸೋಲಾರ್ ಪ್ಯಾನೆಲ್ ಹಾಕ್ತೀನಿ ಅಂತಾನೆ. ಕಾಗದ ಎಲ್ಲಿ ಅಂದರೆ ಅಜ್ಜ ಸುಮ್ನೆ ಕೂತಿರ್ತಾನೆ. ಆಮೇಲೆ ಅದೇ ಜಮೀನುದಾರನಿಗೆ ಅಂಜೂರ ತಗೊಂಡು ಹೋಗ್ತಾನೆ. ನನಗಂತೂ ಅಲ್ಲೇ ಗಂಟಲು ಕಟ್ಟಿತು. ಪಹಣಿ, ಖಾತೆ ಅಂತ ತಾಲೂಕು ಕಚೇರಿ ಅಲೆದ ಮನೆಯವನು ನನ್ನ ಈ ಗೆಳೆಯ. ಇವನಿಗೆ ಇದರಲ್ಲಿ ಏನೂ ಕಾಣಲಿಲ್ಲವಂತೆ!

ಮೊದಲ ದೃಶ್ಯವನ್ನೇ ನೋಡಿ. ಮಕ್ಕಳು ಹಳೇ ಗುಜರಿ ಕಾರೊಳಗೆ ಕೂತು ಅಂತರಿಕ್ಷ ನೌಕೆ ಆಟ ಆಡ್ತಿವೆ. ಕ್ರೇನ್ ಬಂದು ಕಾರನ್ನು ಎತ್ತಿಕೊಂಡು ಹೋಗುತ್ತೆ. ಮಕ್ಕಳು ಕಳಕೊಂಡಿದ್ದು ಕಾರು, ದೊಡ್ಡವರ ಸರದಿ ಇನ್ನೂ ಬರಬೇಕು. ಇವನು ಆಗ ಫೋನ್ ನೋಡ್ತಿದ್ದ.

ನಟಿಸಿದವರೆಲ್ಲ ಹೆಚ್ಚುಕಡಿಮೆ ಆ ಸೀಮೆಯವರೇ. ಅಲ್ಲಿನ ಆಡುಮಾತು ಹಾಗೇ ಬೇಕು ಅಂತ ಹಳ್ಳಿಹಳ್ಳಿ ಸುತ್ತಿ ಹುಡುಕಿದರು. (ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂದರೆ ಜಾಸ್ತಿ ಸಲ ಅದು ನಗಿಸೋಕೆ. ಇರಲಿ, ಅದು ಬೇರೆ ಜಗಳ.) 2022ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಬಂತು. ಕ್ಯಾಟಲಾನ್ ಭಾಷೆಯ ಚಿತ್ರಕ್ಕೆ ಅದೇ ಮೊದಲು. ಆಗ ಸಿಮೋನ್‌ಗೆ 35 ವರ್ಷ.

"ಫೆಸ್ಟಿವಲ್‌ನವರಿಗೆ ಇಂಥದ್ದೇ ಬೇಕು, ಲಾಬಿ" ಅಂತ ಫೋನಲ್ಲಿ ವಾದ ಬೇರೆ ಮಾಡಿದ. ಲಾಬಿ ಅಷ್ಟು ಗಟ್ಟಿ ಇದ್ದಿದ್ದರೆ ಸ್ಪೇನಿನ ಗೋಯಾ ಪ್ರಶಸ್ತಿಯಲ್ಲಿ 11 ನಾಮನಿರ್ದೇಶನ ಸಿಕ್ಕಿಯೂ ಕೈಗೆ ಸೊನ್ನೆ ಬರ್ತಿತ್ತಾ? ಸಿಮೋನ್ ಬರೀ ಮನೆಯವರ ಕಥೆನೇ ಹೇಳ್ತಾರೆ ಅಂತಲೂ ಅಂದ. ಮೂರೂ ಸಿನಿಮಾ ಮನೆಯವರ ಕಥೆಯೇ, ನಿಜ. ತಂದೆ, ತಾಯಿ ಇಬ್ಬರೂ ಏಡ್ಸ್‌ನಿಂದ ಹೋದಾಗ ಆಕೆ ಪುಟ್ಟ ಹುಡುಗಿ. ಅದರಿಂದ 2017ರ 'ಸಮ್ಮರ್ 1993' ಹುಟ್ಟಿತು, 2025ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋದ 'ರೊಮೆರಿಯಾ'ನೂ. ಸ್ವಂತ ಬಾವಿಯಲ್ಲಿ ನೀರಿರುವಾಗ ಪಕ್ಕದ ಮನೆಯದ್ದು ಯಾಕೆ ಸೇದಬೇಕು?

ಈಗ ನಿಜ ಹೇಳಿಬಿಡ್ತೀನಿ. 'ಸಮ್ಮರ್ 1993' ಮೊದಲ ಸಲ ಹಾಕಿದಾಗ ನಾನೇ ನಿದ್ದೆ ಹೊಡೆದಿದ್ದೆ. ಏನೂ ಆಗಲ್ಲ ಅಂತ ಯಾರಿಗೋ ಹೇಳಿಯೂ ಇದ್ದೆ. ಅಮ್ಮ ಹೋದ ವರ್ಷ ಮತ್ತೆ ನೋಡಿದೆ. ಆರು ವರ್ಷದ ಫ್ರೀಡಾ ಇಡೀ ಸಿನಿಮಾ ಅಳಲ್ಲ. ಕೊನೆಗೆ ಹಾಸಿಗೆ ಮೇಲೆ ಕುಣೀತಾ ಕುಣೀತಾ ತಟ್ಟನೆ ಅಳೋಕೆ ಶುರು ಮಾಡ್ತಾಳೆ. ಯಾಕೆ ಅಂದರೆ ಗೊತ್ತಿಲ್ಲ ಅಂತಾಳೆ. ಲೈಟ್ ಹಾಕೋಕೆ ನನಗೆ ಸುಮಾರು ಹೊತ್ತು ಬೇಕಾಯ್ತು.

ಇದನ್ನು ಬರೀತಾ ಇರುವಾಗಲೇ ಅವನ ಮೆಸೇಜ್ ಬಂತು. "ಅದ್ಸರಿ, ಆ ತೋಟ ಕೊನೆಗೆ ಉಳೀತಾ?"

ಹೇಳಲ್ಲ. ಬಂದು ನೋಡು. ಶೇಂಗಾ ನೀನೇ ತಗೊಂಡು ಬಾ.