ಕಾಗದದ ಮೇಲಿನ ತೂಕ, ಭುಜಕ್ಕೆ ಬೀಳುವ ಒದೆ

ಇಂದು ಬೆಳಿಗ್ಗೆ ಶೂಟಿಂಗ್ ರೇಂಜಿನಲ್ಲಿ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಪಕ್ಕದ ಬೆಂಚಿನಲ್ಲಿ ಯುವಕನೊಬ್ಬ ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ಕೂರಿಸುವ ಹೊಸ ಬೋಲ್ಟ್ ಆ್ಯಕ್ಷನ್ ರೈಫಲ್ ಹಿಡಿದು ನೂರು ಮೀಟರ್ ದೂರದ ಗುರಿಗೆ ಹೊಡೆಯುತ್ತಿದ್ದ. ಗುಂಡುಗಳೆಲ್ಲ ಕಾಗದದ ಕೆಳಗಿನ ಮೂಲೆಯಲ್ಲಿ ಚದುರಿ ಬೀಳುತ್ತಿದ್ದವು. ಪ್ರತಿ ಈಡಿನ ನಂತರವೂ ಅವನು ಗುರಿ ನೋಡುವ ದುರ್ಬೀನಾದ ಸ್ಕೋಪಿನ ಗುಂಡಿಯನ್ನು ಒಂದಷ್ಟು ತಿರುಗಿಸಿ, ಸ್ಕೋಪೇ ಕೆಟ್ಟಿದೆ ಎಂದು ಗೊಣಗುತ್ತಿದ್ದ. ನಾನು ಅವನ ಒಪ್ಪಿಗೆ ಪಡೆದು, ಯಾವುದು ಎಲ್ಲಿದೆ ಎಂದು ಅವನಿಗೆ ತಿಳಿಯದಂತೆ, ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾ ಒಂದನ್ನು ಸೇರಿಸಿ ಮ್ಯಾಗಝೀನ್ ತುಂಬಿಕೊಟ್ಟೆ. ಎರಡನೆಯ ಬಾರಿ ಟ್ರಿಗರ್ ಎಳೆದಾಗ ‘ಟಕ್’ ಎಂಬ ಸದ್ದಷ್ಟೇ ಬಂತು. ಆದರೂ ನಳಿಗೆಯ ತುದಿ ಎರಡು ಬೆರಳಗಲ ಕೆಳಕ್ಕೆ ಕುಸಿಯಿತು, ಬಲಭುಜ ಮುಂದಕ್ಕೆ ನುಗ್ಗಿತು, ಎರಡೂ ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು. ಕೆಟ್ಟಿದ್ದು ಸ್ಕೋಪಲ್ಲ, ಬರಲಿರುವ ಒದೆಗೆ ಅವನೇ ಮೊದಲೇ ಬೆಚ್ಚುತ್ತಿದ್ದ. ಅವನ ಬಲಹುಬ್ಬಿನ ಮೇಲೆ, ಸ್ಕೋಪಿನ ಅಂಚು ಹಿಂದೆ ಬಂದು ಬಡಿದ ಅರ್ಧಚಂದ್ರದ ಗಾಯ ಇನ್ನೂ ಕೆಂಪಗೆ ಇತ್ತು.

ಅದು .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಭಾರೀ ಬಲದ ತೋಟಾ ಹಾರಿಸುವ ರೈಫಲ್. ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದಾಗ ಅವನು ಹೆಮ್ಮೆಯಿಂದ ಹೇಳಿದ ಮಾತು ಒಂದೇ: “ಸಾರ್, ಇದು ಬರೀ ಎರಡೂವರೆ ಕಿಲೋ.”

ನನಗೆ ಕೋಪ ಬಂದದ್ದು ಅವನ ಮೇಲಲ್ಲ. ಹಗುರ ಎಂಬ ಒಂದೇ ಗುಣವನ್ನು ಎಲ್ಲ ಗುಣಗಳ ಒಡೆಯನನ್ನಾಗಿ ಮಾಡಿ, ರೈಫಲಿನ ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ಕೊಂಡಾಡಿ, ಆ ರೈಫಲನ್ನು ಭುಜಕ್ಕೆ ಕೊಟ್ಟು ಹೊಡೆಯುವ ಮನುಷ್ಯನ ಬಗ್ಗೆ ಒಂದು ಸಾಲನ್ನೂ ಹೇಳದ ಮಾರಾಟದ ಮಾತಿನ ಮೇಲೆ. ಆ ಎರಡೂವರೆ ಕಿಲೋ ಎಂಬುದು ಕಾಗದದ ಮೇಲಿನ ತೂಕ. ಸ್ಕೋಪ್, ಅದನ್ನು ಹಿಡಿದಿಡುವ ಬಳೆಗಳು, ಹೆಗಲ ಪಟ್ಟಿ, ಮ್ಯಾಗಝೀನಿನ ತೋಟಾಗಳು ಸೇರಿದರೆ ಅದು ಸುಲಭವಾಗಿ ಮೂರು ಕಿಲೋ ದಾಟುತ್ತದೆ. ಈ ಯುವಕನ ರೈಫಲಿನ ಮೇಲೆ ಕುಳಿತಿದ್ದ ದಪ್ಪ ಸ್ಕೋಪ್ ಒಂದೇ ಮುಕ್ಕಾಲು ಕಿಲೋ ಇದ್ದೀತು. ಕಬ್ಬಿಣದಲ್ಲಿ ಉಳಿಸಿದ್ದನ್ನು ಗಾಜಿನಲ್ಲಿ ಕಳೆದುಕೊಂಡು, ಒದೆಯನ್ನು ಮಾತ್ರ ಪೂರ್ತಿಯಾಗಿ ಮನೆಗೆ ತಂದುಕೊಂಡಿದ್ದ.

ಒದೆಯ ಲೆಕ್ಕದಲ್ಲಿ ಯಾವ ಗುಟ್ಟೂ ಇಲ್ಲ. ಗುಂಡೂ ಮದ್ದಿನ ಅನಿಲವೂ ಮುಂದಕ್ಕೆ ಹೋಗುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ತೋಟಾ ಅದೇ ಆಗಿದ್ದು ರೈಫಲ್ ಹಗುರವಾದಷ್ಟೂ ಅದು ಹೆಚ್ಚು ವೇಗವಾಗಿ ಹಿಂದಕ್ಕೆ ಬರುತ್ತದೆ, ಮತ್ತು ಭುಜಕ್ಕೆ ಬಡಿಯುವ ಶಕ್ತಿ ತೂಕದ ವಿಲೋಮ ಪ್ರಮಾಣದಲ್ಲಿ ಏರುತ್ತದೆ. 3.6 ಕಿಲೋ ರೈಫಲನ್ನು ಬಿಟ್ಟು ಅದೇ ತೋಟಾದ 2.7 ಕಿಲೋ ರೈಫಲನ್ನು ಹಿಡಿದರೆ ಒದೆಯ ಶಕ್ತಿ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ತೋಟಾವನ್ನೂ ಸಾಧಾರಣ ಬಲದ .308 ವಿಂಚೆಸ್ಟರ್‌ನಿಂದ .300 ಮ್ಯಾಗ್ನಮ್‌ಗೆ ಏರಿಸಿದರೆ ಒಟ್ಟಾರೆ ಒದೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೊದಲ ಐದಾರು ಈಡುಗಳನ್ನು ಗಂಡೆದೆಯಿಂದ ತಾಳಿಕೊಳ್ಳಬಹುದು, ಆದರೆ ನಮ್ಮ ನರಗಳು ಯಾರ ಮಾತನ್ನೂ ಕೇಳುವುದಿಲ್ಲ. ಮುಂದಿನ ಈಡಿಗೆ ಮೊದಲೇ ಅವು ಬೆಚ್ಚುವುದನ್ನು ಕಲಿತುಬಿಡುತ್ತವೆ, ಮತ್ತು ಒಮ್ಮೆ ಕಲಿತದ್ದನ್ನು ಮರೆಸಲು ತಿಂಗಳುಗಳೇ ಬೇಕಾಗುತ್ತವೆ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ನನ್ನೊಂದಿಗೆ ಆ ಕಾಲದಲ್ಲಿ ಓಡಾಡಿದವರಿಗೆ ಗೊತ್ತಿರುವ, ಆದರೆ ನಾನು ಎಂದೂ ಬರೆಯದ ವಿಷಯ ಅದು. ಪರವಾನಗಿ ಪಡೆದು ಬೇಟೆಗೆ ಹೋಗುತ್ತಿದ್ದ ವರ್ಷಗಳಲ್ಲಿ ನಾನೂ ಇದೇ ಮೋಹಕ್ಕೆ ಬಿದ್ದು, ಪೆನ್ಸಿಲಿನಂಥ ತೆಳು ನಳಿಗೆಯ, .30-06 ತೋಟಾದ ರೈಫಲ್ ಒಂದನ್ನು ಕೊಂಡಿದ್ದೆ. ಅದನ್ನು ಹೆಗಲಿಗೇರಿಸಿದರೆ ಇದೆಯೋ ಇಲ್ಲವೋ ಎನ್ನುವಂತಿತ್ತು. ಒದೆಗೆ ಹೆದರಿ ನಾನು ಅಭ್ಯಾಸವನ್ನೇ ಕಡಿಮೆ ಮಾಡಿದ್ದೆ, ಮತ್ತು ಅದನ್ನು ಯಾರಲ್ಲಿಯೂ ಒಪ್ಪಿಕೊಂಡಿರಲಿಲ್ಲ. ಒಂದು ಸಂಜೆ ನೂರಿಪ್ಪತ್ತು ಮೀಟರಿನಲ್ಲಿ ಅಡ್ಡಲಾಗಿ ನಿಂತಿದ್ದ ಗಂಡು ಜಿಂಕೆಗೆ, ಯಾವ ಅವಸರವೂ ಇಲ್ಲದೆ, ಗುರಿಯಿಟ್ಟು ಹೊಡೆದೆ. ಗುಂಡು ಎದೆಯ ಗೂಡಿಗೆ ಬೀಳದೆ ಕೆಳಗೆ ಮುಂಗಾಲಿಗೆ ಬಿತ್ತು. ಕತ್ತಲಾಗುವವರೆಗೂ ನೆತ್ತರಿನ ಹನಿಗಳನ್ನು ಎಲೆಯಿಂದ ಎಲೆಗೆ ಹುಡುಕುತ್ತ ನಡೆದೆವು. ಮರುದಿನ ಬೆಳಿಗ್ಗೆ ಅದು ಸಿಕ್ಕಿದಾಗ ಇನ್ನೂ ಜೀವವಿತ್ತು. ಅದರ ಕಣ್ಣು ನನ್ನ ನೆನಪಿನಿಂದ ಹೋಗಿಲ್ಲ, ಹೋಗುವುದೂ ಬೇಡ. ಆ ರೈಫಲನ್ನು ನಾನು ಮತ್ತೆ ಕಾಡಿಗೆ ಒಯ್ಯಲಿಲ್ಲ.

ಈ ಮಾತು ಎತ್ತಿದಾಗಲೆಲ್ಲ ಗೆಳೆಯರು ಹೇಳುವ ಒಂದು ಉತ್ತರವಿದೆ: ರೈಫಲನ್ನು ದಿನವಿಡೀ ಹೊರುತ್ತೇವೆ, ಹೊಡೆಯುವುದು ಒಂದೇ ಈಡು, ಆದ್ದರಿಂದ ಹೊರುವುದಕ್ಕೆ ಅನುಕೂಲವಾದದ್ದೇ ಸರಿ. ಕಡಿದಾದ ಏರುಹಾದಿಯಲ್ಲಿ ಎಂಟು ಗಂಟೆ ನಡೆದವರಿಗೆ ಒಂದು ಕಿಲೋ ಎಂದರೇನು ಎಂದು ನನಗೂ ಗೊತ್ತು. ಏದುಸಿರು ಬಿಡುತ್ತ ಹೊಡೆದ ಈಡು ನೆಟ್ಟಗಿರುವುದಿಲ್ಲ ಎಂಬುದೂ ನಿಜ. ಆದರೆ ಹೊಡೆಯುವುದು ಒಂದೇ ಈಡು ಎನ್ನುವುದು ಸುಳ್ಳು. ಆ ಒಂದು ಈಡು ಸರಿಯಾಗಿ ಬೀಳಬೇಕಾದರೆ ಅದಕ್ಕೆ ಮೊದಲು ಅದೇ ರೈಫಲಿನಲ್ಲಿ ನೂರಾರು ಈಡುಗಳನ್ನು ಹೊಡೆದಿರಬೇಕು. ಹಾಗೆ ಹೊಡೆಯಲು ಮನಸ್ಸಾಗದ ರೈಫಲ್ ಎಷ್ಟೇ ಹಗುರವಿದ್ದರೂ ಅದು ಬೇಟೆಗಾರನ ರೈಫಲ್ ಅಲ್ಲ. ಒದೆ ತಗ್ಗಿಸಲು ನಳಿಗೆಯ ತುದಿಗೆ ಮಝಲ್ ಬ್ರೇಕ್ ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಒದೆ ತಗ್ಗುತ್ತದೆ, ಸರಿ. ಆದರೆ ಅನಿಲ ಪಕ್ಕಕ್ಕೂ ಹಿಂದಕ್ಕೂ ಚಿಮ್ಮುವುದರಿಂದ ಸದ್ದು ಹೊಡೆಯುವವನ ಮತ್ತು ಪಕ್ಕದಲ್ಲಿರುವವನ ಕಿವಿಗೆ ಇನ್ನಷ್ಟು ಬಲವಾಗಿ ಅಪ್ಪಳಿಸುತ್ತದೆ. 140 ಡೆಸಿಬಲ್ ಮೀರಿದ ಸಿಡಿತ ಕಿವಿಗೆ ಅಪಾಯ ಎಂದು ಎಣಿಸುತ್ತಾರೆ, ಬ್ರೇಕ್ ಇಲ್ಲದ ಬೇಟೆ ರೈಫಲ್ಲೇ ಅದನ್ನು ದಾಟಿರುತ್ತದೆ.

ಹಾಗಾದರೆ ಹಗುರವಾದ ರೈಫಲ್ ಬೇಡವೇ? ಖಂಡಿತ ಬೇಕು, ನಾನು ಇಂದಿಗೂ ಹೊರುವುದು ಅಂಥದ್ದನ್ನೇ. ಆದರೆ ಆಯ್ಕೆ ತೂಕದಿಂದ ಶುರುವಾಗಬಾರದು, ತೋಟಾದಿಂದ ಶುರುವಾಗಬೇಕು. 7×57 ಮೌಸರ್ ಎಂಬ ತೋಟಾ ಹುಟ್ಟಿದ್ದು 1892ರಲ್ಲಿ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ ರಿಗ್ಬಿ ರೈಫಲ್ ಅದೇ ತೋಟಾವನ್ನು .275 ಎಂಬ ಹೆಸರಿನಲ್ಲಿ ಹಾರಿಸುತ್ತಿತ್ತು. ಸೌಮ್ಯವಾದ ಒದೆಯೂ ಸರಿಯಾದ ಜಾಗಕ್ಕೆ ಬೀಳುವ ಗುಂಡೂ ಜೊತೆಯಾಗಿ ಏನು ಮಾಡಬಲ್ಲವು ಎಂಬುದು ಆಗಲೇ ಗೊತ್ತಿತ್ತು. ಇಂದು ಆ ಸಾಲಿನಲ್ಲಿ 7 ಎಂಎಂ-08 ರೆಮಿಂಗ್ಟನ್ ಇದೆ, 6.5 ಕ್ರೀಡ್‌ಮೂರ್ ಇದೆ, ಚಿಕ್ಕ ಜಿಂಕೆಗಳಿಗೆ .243 ಇದೆ. ಇವೆಲ್ಲ .308ರಂತೆ ತೋಟಾ ಕೂರಿಸಿ ಹಾರಿಸುವ ಗಿಡ್ಡ ಯಂತ್ರಭಾಗಕ್ಕೆ, ಅಂದರೆ ಗಿಡ್ಡ ಆ್ಯಕ್ಷನ್‌ಗೆ ಹೊಂದುವ ತೋಟಾಗಳು. .308ರ ಮದ್ದು ತುಂಬುವ ಕೋಶದ ಉದ್ದ 51 ಮಿಲಿಮೀಟರ್, .30-06ರದ್ದು 63, ಆ ವ್ಯತ್ಯಾಸದಿಂದ ಬೋಲ್ಟನ್ನು ಹಿಡಿದಿಡುವ ರಿಸೀವರ್, ಬೋಲ್ಟ್ ಎರಡೂ ಗಿಡ್ಡವಾಗಿ, ಯಾರಿಗೂ ನೋವಾಗದಂತೆ ತೂಕ ಇಳಿಯುತ್ತದೆ. ತೂಕ ಇಳಿಸಬೇಕಾದದ್ದು ಹೀಗೆ.

ಅನಂತರ ಸ್ಟಾಕ್, ಅಂದರೆ ನಳಿಗೆಯನ್ನು ಹೊತ್ತು ಭುಜಕ್ಕೆ ತಾಗುವ ಹಿಡಿ. ಹಗುರ ಎಂಬ ಹೆಸರಿನಲ್ಲಿ ಅಗ್ಗದ ಪ್ಲಾಸ್ಟಿಕ್ ಅಂಟಿಸಿದ ರೈಫಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಒಂದು ತುಂಡು ಕಾಗದವನ್ನು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ, ಅದು ತಡೆಯಿಲ್ಲದೆ ಜಾರಬೇಕು. ಈಗ ಸ್ಟಾಕಿನ ಮುಂಭಾಗವನ್ನು ಬೆರಳುಗಳಿಂದ ಹಿಂಡಿ ಮತ್ತೆ ಎಳೆಯಿರಿ. ಕಾಗದ ಸಿಕ್ಕಿಕೊಂಡರೆ, ಹೆಗಲ ಪಟ್ಟಿಯನ್ನು ಬಿಗಿದು ಹೊಡೆಯುವಾಗಲೂ ಆ ಸ್ಟಾಕ್ ನಳಿಗೆಯನ್ನು ಒತ್ತುತ್ತದೆ, ಗುಂಡು ಬೇರೆಡೆಗೆ ಬೀಳುತ್ತದೆ. ಗಟ್ಟಿಯಾದ ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್ ಸ್ಟಾಕ್ ಬಾಗುವುದಿಲ್ಲ. ಹಣ ಹೆಚ್ಚು ಹಾಕುವುದಿದ್ದರೆ ಅಲ್ಲಿ ಹಾಕಬೇಕು.

ತೆಳು ನಳಿಗೆ ಬೇಗ ಬಿಸಿಯಾಗುತ್ತದೆ, ಬಿಸಿಯಾದಂತೆ ಗುಂಡುಗಳ ಗುಂಪು ಹರಡುತ್ತದೆ ಎಂದು ದೂರುವವರಿದ್ದಾರೆ. ಅದು ನನಗೆ ದೊಡ್ಡ ದೋಷವಲ್ಲ, ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯ ಮೊದಲ ಗುಂಡು. ನಿಜವಾದ ತೊಂದರೆ ಟ್ರಿಗರಿನದು. ಹಗುರವಾದ ರೈಫಲಿಗೆ ಜಡತ್ವ ಕಡಿಮೆ. ಎರಡು ಕಿಲೋ ಎಳೆತ ಬೇಡುವ ಟ್ರಿಗರನ್ನು ಎಳೆಯುವ ಬೆರಳು ರೈಫಲನ್ನೇ ಎಳೆದುಬಿಡುತ್ತದೆ. ಒಂದೂಕಾಲು ಕಿಲೋ ಆಸುಪಾಸಿನಲ್ಲಿ, ಗಾಜು ಮುರಿದಂತೆ ಸ್ಪಷ್ಟವಾಗಿ ಬಿಡುವ ಟ್ರಿಗರ್ ಇಲ್ಲದಿದ್ದರೆ ಆ ರೈಫಲನ್ನು ಕೆಳಗಿಡುವುದು ಒಳ್ಳೆಯದು. ಇನ್ನು ಸ್ಕೋಪ್: 350 ರಿಂದ 400 ಗ್ರಾಮಿನ 3-9×40, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, 40 ಮಿಲಿಮೀಟರ್ ಮುಂಗಾಜಿನ ಸ್ಕೋಪ್, ಬೇಟೆಗೆ ಧಾರಾಳವಾಗಿ ಸಾಕು. ಕಣ್ಣಿಗೂ ಅದಕ್ಕೂ ನಡುವೆ ಒಂಬತ್ತು ಸೆಂಟಿಮೀಟರ್ ಅಂತರ ಉಳಿಯುವಂತೆ ಕೂರಿಸಿದ್ದರೆ ಆ ಯುವಕನ ಹುಬ್ಬು ಹಾಗೆ ಸೀಳುತ್ತಿರಲಿಲ್ಲ.

ಇಷ್ಟೆಲ್ಲ ಸೇರಿಸಿ, ತೋಟಾ ತುಂಬಿ, ಪಟ್ಟಿ ಕಟ್ಟಿ ತೂಗಿದಾಗ ನನ್ನ 7 ಎಂಎಂ-08 ರೈಫಲ್ 3.3 ಕಿಲೋ ತೂಗುತ್ತದೆ. ನನಗೆ ಅದಕ್ಕಿಂತ ಕಡಿಮೆ ಬೇಡ.

ಬೆಳಿಗ್ಗೆ ಅದನ್ನೇ ಅವನ ಕೈಗೆ ಕೊಟ್ಟೆ. ಮೊದಲ ಡಮ್ಮಿಗೆ ತುದಿ ಮತ್ತೆ ಕುಸಿಯಿತು, ಎರಡನೆಯದಕ್ಕೂ ಕುಸಿಯಿತು, ಕಣ್ಣು ಮಾತ್ರ ಮುಚ್ಚಲಿಲ್ಲ. ತನ್ನ ರೈಫಲನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಬರುವ ಭಾನುವಾರ ಒದೆಯೇ ಇಲ್ಲದಂಥ .22 ರೈಫಲ್ ತರುತ್ತೇನೆ, ಒಂದು ತಿಂಗಳು ಅದರಲ್ಲೇ ಹೊಡೆಯಿರಿ, ಮ್ಯಾಗ್ನಮನ್ನು ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇನೆ.